ಗಿಣಿಹಸಿರು ಕುಬಸದ ಕಣ

ಅಮರಮ್ಮ ರೊಟ್ಟಿ ಬಡಿಯುತ್ತಿದ್ದಳು. ಕಿವಿ ಮಾತ್ರ ಪಕ್ಕದ ಮನೆಯ ದಾನೇಶ್ವರಿಯ ಅಂಗಳದಲ್ಲಿತ್ತು.

ಪಂಚಾಯಿತಿ ಚುನಾವಣೆಗೆ ನಿಲ್ಲಲಿರುವ ಸುಮಂಗಲಾ ಪ್ರಚಾರದ ಖರ್ಚಿಗೆ ಹೆಣ್ಣುಮಕ್ಕಳಿಂದಲೇ ರೊಕ್ಕ ಕೂಡಿಸುತ್ತಿದ್ದಳು. ಕೊಟ್ಟವರ ಹೆಸರು ಸಂಜೆ ಗುಡಿ ಕಟ್ಟೆಯ ಮೈಕಿನಲ್ಲಿ ಬರುವುದಿತ್ತು.

"ನಾ ಅಂತೂ ಐದನೂರು ಕೊಡಾಕಿ!" ದಾನೇಶ್ವರಿ ಓಣಿಗೆಲ್ಲ ಕೇಳುವಂತೆ ಹೇಳಿದಳು.

ಹಂಚಿನ ಮೇಲೆ ರೊಟ್ಟಿ ಹೊತ್ತಿತು. ಅಮರಮ್ಮನ ಹೊಟ್ಟೆ ಅದಕ್ಕಿಂತ ಮೊದಲೇ ಹೊತ್ತಿತ್ತು.

ಎಮ್ಮೆಯ ಹಾಲು ಮಾರಿ ಗುಟ್ಟಾಗಿ ಉಳಿಸಿದ ಸಾವಿರ ರೂಪಾಯಿ ಕಡಲೆ ಡಬ್ಬಿಯಲ್ಲಿತ್ತು. ಆದರೆ ಅತ್ತೆ ಮುದುಕವ್ವ ಬಾಗಿಲಲ್ಲಿ ಪೊಲೀಸ್ ಠಾಣೆಯಂತೆ ಕೂತಿದ್ದಳಲ್ಲ! ಅಮರಮ್ಮ ಬೇವೂರಿನ ಮದುವೆಯಲ್ಲಿ ಬಂದಿದ್ದ, ರವಿಕೆ ಹೊಲಿಸದೇ ಇಟ್ಟಿದ್ದ ಗಿಣಿಹಸಿರು ಕುಬಸದ ಕಣ ತೆಗೆದಳು. ಮೂಲೆಯಲ್ಲಿ ಅರಿಸಿನದ ಕಲೆಯಿತ್ತು. ಅದರ ಮಡಿಕೆಯಲ್ಲಿ ನೋಟುಗಳನ್ನು ಅಡಗಿಸಿ, ಸುಮಂಗಲಾ ಬಂದಾಗ ಉಡಿ ತುಂಬಿ, ಕಣ್ಣು ಮಿಟುಕಿಸಿದಳು.

"ಕಣ್ಣಾಗ ಏನರ ಬಿತ್ತೇನ್ರಿ?" ಎಂದು ಕೇಳಿ ಸುಮಂಗಲಾ ಪಕ್ಕದ ಮನೆಗೆ ನಡೆದಳು.

ಮೈಕಿನಲ್ಲಿ ಹೆಸರು ಬಂದ ಮೇಲೆ ಅತ್ತೆ ಬೈದರೆ ಬೈಯಲಿ. ದಾನೇಶ್ವರಿಯ ಮುಖ ನೋಡಿದರೆ ಸಾಕು, ಸಾವಿರವೂ ವಸೂಲು.

ಸಂಜೆ ಹೆಸರುಗಳು ಬಂದವು. "ದಾನೇಶ್ವರಿ, ಐದನೂರು ರೂಪಾಯಿ." ಚಪ್ಪಾಳೆ. "ಅಮರಮ್ಮ, ಒಂದು ಕುಬಸದ ಕಣ." ನಗು.

ಅಷ್ಟರಲ್ಲಿ ದಾನೇಶ್ವರಿಯೇ ಕಟ್ಟೆ ಹತ್ತಿ ಮೈಕು ಕಸಿದುಕೊಂಡಳು. ಅವಳ ಕೈಯಲ್ಲಿ ಗಿಣಿಹಸಿರು ಕಣ, ಅದೇ ಅರಿಸಿನದ ಕಲೆ!

"ಈ ಸುಮಂಗಲಾ ಅಕ್ಕಾರು ನನಗ ಉಡಿ ತುಂಬಿ, ಮಡಿಕ್ಯಾಗ ಸಾವಿರ ಇಟ್ಟಾರ. ನಾ ವೋಟ ಮಾರಾಕಿ ಅಲ್ರೀ!"

"ಯವ್ವಾ, ಅದು ಅಮರಮ್ಮಾರ ಕೊಟ್ಟ ಕಣ. ನಾ ಬಿಚ್ಚೂ ನೋಡಿಲ್ಲ!" ಸುಮಂಗಲಾ ಅಳುವಂತಾದಳು.

ಉಡಿಯಲ್ಲಿ ಬಂದ ಕಣವನ್ನು ಯಾರು ತಾನೇ ಬಿಚ್ಚುತ್ತಾರೆ? ಅಮರಮ್ಮನೂ ಎಷ್ಟೋ ಕಣಗಳನ್ನು ಹಾಗೆಯೇ ಮುಂದಿನ ಮನೆಗೆ ದಾಟಿಸಿದವಳು.

ಎಲ್ಲರ ಕಣ್ಣು ಅವಳತ್ತ ತಿರುಗಿದವು. ಮುದುಕವ್ವ ಸೊಸೆಯ ತೋಳು ಹಿಡಿದಳು. "ನಮ್ಮಾಕಿ ಹಂತ್ಯಾಕ ಸಾವಿರ ಎಲ್ಲಿಂದ ಬರಬೇಕ? ಹೌದಿಲ್ಲೇನ?"

ಅಮರಮ್ಮ ಸುಮಂಗಲಾಳ ಮುಖ ನೋಡಿದಳು, ಅತ್ತೆಯ ಮುಖವನ್ನೂ ನೋಡಿದಳು. "ನಂದಲ್ರಿ," ಎಂದಳು.

"ಆಕಿದೂ ಅಲ್ಲ, ಈಕಿದೂ ಅಲ್ಲ," ಎಂದು ಹಿರಿಯ ಹುಚ್ಚೀರಪ್ಪ ಎದ್ದು ನಿಂತ. "ನಾಮಪತ್ರ ಕೊಡಾಕ ಇನ್ನೂ ಎರಡು ದಿನ ಐತಿ. ದಾನೇಶ್ವರಿನಽ ಸುಮಂಗಲಾನ ಎದುರು ನಿಲ್ಲಲಿ. ಈ ಸಾವಿರ ಆಕಿ ಖರ್ಚಿಗೆ ಬೋಣಿಗಿ!"

ಹೆಂಗಸರು ಸಾಲುಗಟ್ಟಿ ದಾನೇಶ್ವರಿಯ ಉಡಿಗೆ ರೊಕ್ಕ ಹಾಕಿದರು. ಮುದುಕವ್ವನೂ ಸೊಂಟದ ಚೀಲ ಬಿಚ್ಚಿದಳು. "ಇಕಾ, ನಂದೊಂದು ನೂರು."

ದಾನೇಶ್ವರಿ ಕಟ್ಟೆಯಿಂದಿಳಿದು ಅದೇ ಕಣವನ್ನು ಅಮರಮ್ಮನ ಉಡಿಗೆ ಹಾಕಿದಳು. "ವೋಟ ನನಗಽ ಹಾಕಬೇಕ ನೋಡ ಅಮರಕ್ಕಾ."

"ನಿನಗಲ್ದ ಇನ್ಯಾರಿಗವ್ವಾ?"

ಮನೆಗೆ ಬಂದು ಅಮರಮ್ಮ ಕಣವನ್ನು ಮೊದಲ ಸಲ ಪೂರಾ ಬಿಚ್ಚಿ ಕೊಡವಿದಳು. ಒಂದು ಅಕ್ಕಿ ಕಾಳು ಉದುರಿತು, ಅಷ್ಟೇ. ಮತ್ತೆ ಮಡಿಸಿ, ಇನ್ನು ಯಾರ ಉಡಿಗೂ ಹೋಗದಂತೆ ಟ್ರಂಕಿನ ತಳಕ್ಕಿಟ್ಟಳು.

ಸುಮಂಗಲಾಗೆ ಒಂದು ವೋಟಂತೂ ಗಟ್ಟಿಯಾಯಿತು. ಅದನ್ನು ಅಮರಮ್ಮ ಸುಮಂಗಲಾಗೂ ಹೇಳಲಿಲ್ಲ.