ಸೀಸಕ್ಕೊಂದು ಅಪಾಯವಿಲ್ಲದ ಒಲೆ

ವಿಜ್ಞಾನ ಓದಿದವನೊಬ್ಬ ಬೀದಿಯಲ್ಲಿದ್ದರೆ ಜನ ಎಲ್ಲವನ್ನೂ ಅವನನ್ನೇ ಕೇಳುತ್ತಾರೆ; ಕೇಳಿಯಾದ ಮೇಲೆ ತಮಗೆ ತೋಚಿದ್ದನ್ನು ಮಾಡುತ್ತಾರೆ. ಐವತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಬೆಲ್ಲದ ವ್ಯಾಪಾರಿ. ಚನ್ನರಾಯಪಟ್ಟಣದ ಅವರ ಭಾವಮೈದ ಒಂದು ಕಬ್ಬಿಣದ ಗೇಟು ಉಡುಗೊರೆ ಕೊಟ್ಟಿದ್ದ. ಅದು ಯುಗಾದಿಯಿಂದ ಗೋಡೆಗೆ ಒರಗಿಕೊಂಡೇ ಇತ್ತು. ಭಾನುವಾರ ಬರುತ್ತೇನೆ, ಅಷ್ಟರಲ್ಲಿ ನಿಲ್ಲಿಸಿರದಿದ್ದರೆ ಗಾಡಿಗೆ ಹೇರಿಕೊಂಡು ಹೋಗುತ್ತೇನೆ ಎಂದು ಅವನು ಹೇಳಿಕಳಿಸಿದ. ಬೀದಿಗೆಲ್ಲ ತೋರಿಸಿದ ಗೇಟು. ಹೋದರೆ ಮಾಲೀಕರು ತಲೆಯೆತ್ತಿ ತಿರುಗುವಂತಿರಲಿಲ್ಲ.

ಕಲ್ಲುಕುಟಿಗ ಬಾಗಿಲ ಕಲ್ಲುಕಂಬಗಳಿಗೆ ತೂತು ಕೊರೆದು, ಅದರೊಳಗೆ ಗೇಟಿನ ಕೀಲು ಇಟ್ಟು ಸುತ್ತ ಸೀಸ ಕರಗಿಸಿ ಹುಯ್ಯಿರಿ ಎಂದು ಹೇಳಿ, ಅರಕಲಗೂಡಿಗೆ ಮದುವೆಗೆ ಹೊರಟುಹೋಗಿದ್ದ. ಸೀಸವೂ ಇತ್ತು. ಯಾವ ಬೆಂಕಿಯ ಮೇಲೆ ಕರಗಿಸುವುದು ಎಂಬುದೇ ಪ್ರಶ್ನೆ.

೧. ಅಡಿಗೆಮನೆ

ಮಾಲೀಕರು ಮೊದಲು ಆರಿಸಿದ್ದು ಹೆಂಡತಿಯ ಒಲೆ, ಸಾರಿನ ಪಾತ್ರೆ. ಸೀಸ ವಿಷ, ಅದರ ಹೊಗೆ, ಪುಡಿ ಯಾವುದೂ ಉಣ್ಣುವ ಜಾಗಕ್ಕೆ ಸೋಕಬಾರದು ಎಂದು ವಿವರಿಸಿದೆ. ಗಂಡ ಹೆಂಡತಿ ಇಬ್ಬರೂ ಗಮನವಿಟ್ಟು ಕೇಳಿದರು. ಆಕೆ ಸ್ವಲ್ಪ ಯೋಚಿಸಿ ಗಂಡನಿಗೆ ಹೇಳಿದರು: "ಅಂಗಾದ್ರೆ ಮೇಷ್ಟ್ರ ಅಡಿಗೆಮನೇಲಿ ಕರಗ್ಸಿ. ಅವ್ರಿಗೆ ಎಲ್ಲಾ ಗೊತ್ತದೆ."

೨. ಪಂಪ್ ಸ್ಟೌವ್

ಹಾಸನದಿಂದ ತಂದ ಹಿತ್ತಾಳೆ ಸ್ಟೌವೊಂದು ಬೀರುವಿನ ಮೇಲಿತ್ತು. ನೆಂಟರು ಬಂದಾಗ ಹಚ್ಚುವುದಕ್ಕಂತೆ. ಎಷ್ಟು ಸಲ ಹಚ್ಚಿದ್ದೀರಿ ಎಂದು ಮಾಲೀಕರನ್ನು ಕೇಳಿದೆ.

"ಹಚ್ಚಿದ್ರೆ ಹಳೇದಾಗ್ತದಲ್ಲ ಸಾ."

ಸೀಸದ ಭಾರಕ್ಕೆ ಅದು ಮಗುಚುತ್ತದೆ, ಕೆಳಗಿರುವುದು ಸೀಮೆಎಣ್ಣೆ, ಬೇಡ ಎಂದೆ. ಒಂದು ಸಲ ನೋಡೋಣ ಎಂದು ಜಗಲಿಯಲ್ಲಿಟ್ಟು ಪಂಪು ಒತ್ತಿದರು. ಉರಿ ಸೂರಿನ ಹಂಚು ಮುಟ್ಟಿತು. ನಾನು ಗೋಣಿಚೀಲ ಒದ್ದೆ ಮಾಡಿ ಎಸೆದು ಆರಿಸಿದೆ. ಮಾಲೀಕರು ಮಸಿ ಒರೆಸಿಕೊಂಡು, "ನೀವೇಳಿದ್ದು ನಿಜ. ಇದು ನೆಂಟ್ರಿಗೇ ಸರಿ" ಎಂದು ಮತ್ತೆ ಬೀರುವಿನ ಮೇಲಿಟ್ಟರು.

೩. ಇದ್ದಿಲು

ಭಾನುವಾರ ಬಂತು. ಈ ಸಲ ನನ್ನ ಮಾತೇ ನಡೆಯಿತು. ಹಿತ್ತಲ ಬಯಲಿನಲ್ಲಿ ಮೂರು ಕಲ್ಲು, ನಡುವೆ ಇದ್ದಿಲ ಕೆಂಡ, ಮೇಲೊಂದು ದಪ್ಪ ಕಬ್ಬಿಣದ ಬಾಂಡಲಿ. ಗಾಳಿ ನಮ್ಮ ಬೆನ್ನ ಕಡೆಯಿಂದ. ಮಾಲೀಕರಿಗೆ ಕಂಬಳಿ ಹೊದಿಸಿದೆ. ಕಾದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ ಎಂದು ಎಚ್ಚರಿಸಿದೆ. ಅವರು ಕೊಡ, ಚೊಂಬು, ಎಮ್ಮೆಯ ಬಾನಿ ಎಲ್ಲವನ್ನೂ ಒಳಗಿಡಿಸಿದರು. ನೆರೆಯವರು ಬಟ್ಟೆ ಒಗೆಯುವುದನ್ನೂ ನಿಲ್ಲಿಸಿದರು. ಇಷ್ಟು ವಿಧೇಯತೆ ನಾನು ತರಗತಿಯಲ್ಲಿ ಕಂಡಿರಲಿಲ್ಲ.

ಸೀಸ ಕರಗಿ ಕನ್ನಡಿಯಾಯಿತು. ಸೌಟು ತರಲು ನಾನು ತಿರುಗಿದೆ. ಹೊಸ ಕೆಲಸ, ಹಾಗೇ ಶುರುಮಾಡುವುದುಂಟೇ? ಮಾಲೀಕರು ಕಂಬಳಿಯೊಳಗಿಂದ ಪುಟ್ಟ ಗಿಂಡಿ ತೆಗೆದು, ಮಾವಿನೆಲೆ ಅದ್ದಿ, ಬಾಂಡಲಿಗೆ ಭಕ್ತಿಯಿಂದ ಪ್ರೋಕ್ಷಿಸಿದರು.

ಢಮಾರ್ ಎಂದಿತು. ಸೀಸ ಗೋಡೆಯ ತುಂಬ ನಕ್ಷತ್ರವಾಯಿತು. ಕಂಬಳಿ ಜರಡಿಯಾಯಿತು, ಒಳಗಿದ್ದವರು ಉಳಿದರು. ನೀರು ಬೇಡ ಎಂದಿರಲಿಲ್ಲವೇ ಎಂದೆ.

"ನೀರೆಲ್ಲಿ ಹಾಕ್ದೆ ಸಾ? ತೀರ್ಥ ಅದು."

ಅದೇ ಹೊತ್ತಿಗೆ ಬೀದಿಯಲ್ಲಿ ಗಾಡಿ ನಿಂತಿತು. ಭಾವಮೈದ ಒರಗಿದ್ದ ಗೇಟನ್ನು ನೋಡಿ, ಮುಖ ಗಂಟಿಕ್ಕಿಕೊಂಡು ಹಿತ್ತಲಿಗೆ ಬಂದ. ಗೋಡೆ ನೋಡಿದ, ಕಂಬಳಿ ನೋಡಿದ, ಏನಾಯ್ತು ಭಾವ ಎಂದ.

"ಮೇಷ್ಟ್ರ ಬೆಂಕಿ ಕಣಪ್ಪ. ತೀರ್ಥ ಹಾಕಿದ್ದಕ್ಕೆ ಇಷ್ಟರಲ್ಲೇ ಓಯ್ತು. ಇಲ್ದಿದ್ರೆ ಮನೇನೇ ಇರ್ತಿರ್ಲಿಲ್ಲ."

ಭಾವಮೈದ ಕೈಮುಗಿದ. ಗೇಟಿನ ಮಾತೇ ಎತ್ತಲಿಲ್ಲ. ಊಟ ಮಾಡಿ ಹೊರಡುವಾಗ ಒಂದು ಬಾಟಲಿ ತೀರ್ಥ ಕೇಳಿ ಪಡೆದ. ಏತಕ್ಕೆ ಎಂದು ನಾನು ವಿಚಾರಿಸಿದೆ.

"ನಮ್ಮ ಮನೆ ಗೇಟ್ಗೂ ನಾಳೆ ಸೀಸ ಹುಯ್ಸ್ತಾ ಇವ್ನಿ ಸಾ," ಎಂದ. "ನಾನು ಬಾಟ್ಲಿ ಪೂರ್ತಿ ಹಾಕ್ಬುಡ್ತೀನಿ."