ಅತ್ತೆಯ ಸೋಬಾನೆ ಪದ ಮತ್ತು ನನ್ನ ಆಂಪ್ಲಿಫೈಯರ್

ಬಚ್ಚಲಮನೆಯಲ್ಲಿ ನನ್ನಷ್ಟು ಖಡಕ್ಕಾಗಿ ಮಾತಾಡುವವನು ಆದೋನಿಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಆಫೀಸಿನ ಸಾಹೇಬರಿಗೆ ಹೇಳಬೇಕಾದ್ದನ್ನೆಲ್ಲ ಬಿಸಿನೀರಿನ ಹಂಡೆಗೆ ಹೇಳಿ ಹಗುರಾಗುತ್ತೇನೆ. ಹಂಡೆ ಎದುರಾಡುವುದಿಲ್ಲ, ಅದಕ್ಕೇ ನನ್ನ ಧ್ವನಿ ಸ್ಪಷ್ಟ. ಅದೇ ಮಾತು ಸಾಹೇಬರ ಟೇಬಲ್ಲಿನ ಮುಂದೆ, “ಹೆಹ್ಹೆ, ಹಾಗೇನಿಲ್ಲ ಸಾರ್” ಎಂದು ಹೊರಬೀಳುತ್ತದೆ. ಎಪ್ಪತ್ತರ ದಶಕದ ಕೊನೆಗೆ ನಾನು ಕೈಯಾರೆ ಕಟ್ಟಿದ ಆಂಪ್ಲಿಫೈಯರಿಗೂ ಇದೇ ಗುಣ ಬಂದಿತ್ತು. ನೂಲಿನಂತೆ ಸೀರೆ ಅನ್ನುತ್ತಾರಲ್ಲ.

ಅದು ಕ್ಲಾಸ್ ಡಿ ಎಂಬ ಹೊಸ ಜಾತಿಯದು. ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟನ್ನು ಸಾವಿರಾರು ಸಲ ಹಚ್ಚಿ ಆರಿಸಿ ಧ್ವನಿ ದೊಡ್ಡದು ಮಾಡುತ್ತದೆ ಎಂದು ಹೆಂಡತಿ ಸಾವಿತ್ರಿಗೆ ವಿವರಿಸಿದೆ.

“ನಮ್ಮೂರ ಕರೆಂಟು ತಾನಾಗೇ ಹತ್ತಿ ಆರ್ತೈತಲ್ರಿ, ಅದಕ್ಕೊಂದು ಯಂತ್ರ ಬ್ಯಾರೆ ಬೇಕೇನು?” ಎಂದಳು.

ಉಪ್ಪಿನಕಾಯಿ ಜಾಡಿಗಳನ್ನು ಓಡಿಸಿ ಅಡುಗೆಮನೆಯ ಗೂಡಿನಲ್ಲಿ ನಾನು ಯಂತ್ರ ಇಟ್ಟದ್ದು ಅವಳಿಗೆ ನುಂಗಲಾರದ ತುತ್ತಾಗಿತ್ತು. ಕೊನೆಗೆ ಕರಾರಾಯಿತು. ನಾದಿನಿಯ ಕುಬಸ, ಅಂದರೆ ಸೀಮಂತ, ನಮ್ಮ ಮನೆಯಲ್ಲೇ. ಆ ದಿನ ಅತ್ತೆಯವರ ಸೋಬಾನೆ ಪದ ಅದರಲ್ಲಿ ಚೆಂದ ಕೇಳಿಸಿದರೆ ಯಂತ್ರ ಉಳಿಯಬೇಕು, ಇಲ್ಲದಿದ್ದರೆ ಗುಜರಿಗೆ.

ನನ್ನ ಹತ್ತಿರ ಸ್ಪೀಕರ್ ಇರಲಿಲ್ಲ. ಅದರ ಜಾಗದಲ್ಲಿ ಕರೆಂಟಿಗೆ ಅಷ್ಟೇ ತಡೆಯೊಡ್ಡುವ ಒಂದು ದಪ್ಪ ರೆಸಿಸ್ಟರ್ ಜೋಡಿಸಿ, ಇಯರ್‌ಫೋನಿನಲ್ಲಿ ಕೇಳಿ ಪರೀಕ್ಷಿಸುತ್ತಿದ್ದೆ. ಜೇನು! ರೆಸಿಸ್ಟರ್ ಬಿಸಿಯಾಗುತ್ತದೆಯೇ ಹೊರತು ಸದ್ದು ಮಾಡುವುದಿಲ್ಲ. “ಭಾಳ ಚಲೋ ಐತ್ರಿ ನಿಮ್ಮ ಯಂತ್ರ, ಒಂದೀಟೂ ಸದ್ದಿಲ್ಲ,” ಎಂದು ಸಾವಿತ್ರಿಯೇ ಹೊಗಳಿದ್ದಳು. ನಾನು ಉಬ್ಬಿಹೋಗಿದ್ದೆ.

ಕುಬಸದ ದಿನ ಪಕ್ಕದ ಮನೆಯ ರೆಡ್ಡಿಗಾರು ತಮ್ಮ ದೊಡ್ಡ ಸ್ಪೀಕರ್ ಡಬ್ಬಿ ಕೊಟ್ಟರು. ಹಾಲಹರವಿಯಿಂದ ಬಂದಿದ್ದ ಅತ್ತೆಯವರು ಮೈಕಿನ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು ಪದ ಎತ್ತಿದರು. ತಗ್ಗಿನ ಸ್ವರ ಗುಂಯ್‌ಗುಟ್ಟಿತು. ಮೇಲಿನ ಸ್ವರ ತಗಡು ಕೆರೆದಂತೆ ಕಿರುಚಿತು. ಬಸುರಿ ನಾದಿನಿ ಕಿವಿ ಮುಚ್ಚಿಕೊಂಡಳು. ರೆಡ್ಡಿಗಾರು ಓಡಿ ಬಂದರು. “ಏಮೈಂದಯ್ಯಾ, ಏನಾತು? ನನ್ನ ಡಬ್ಬ್ಯಾಗ ಎಮ್ಮಿ ಹೊಕ್ಕೈತೇನು?”

ತಪ್ಪು ಆಗಲೇ ಹೊಳೆಯಿತು. ಸ್ಪೀಕರ್ ರೆಸಿಸ್ಟರಿನಂತೆ ಸಾಧುಪ್ರಾಣಿಯಲ್ಲ. ಸ್ವರ ಏರಿದರೆ ಅದರ ತಡೆ ಒಂದು, ಇಳಿದರೆ ಇನ್ನೊಂದು. ಸಾಲದ್ದಕ್ಕೆ ಕರೆಂಟನ್ನು ವಾಪಸ್ಸೂ ತಳ್ಳುತ್ತದೆ. ಒಂದೇ ತಡೆಯನ್ನು ನಂಬಿ, ಧ್ವನಿ ಸೋಸಲೆಂದು ಯಂತ್ರದೊಳಗೆ ನಾನು ಸುತ್ತಿಟ್ಟ ತಂತಿಯ ಕಾಯಿಲ್ ಪಾಪ, ತಬ್ಬಿಬ್ಬಾಗಿತ್ತು.

“ಅಳಿಯಂದ್ರ,” ಅತ್ತೆಯವರು ಹಾಡು ನಿಲ್ಲಿಸಿ ಕೇಳಿದರು, “ಈಗ ಹಾಡಿದಾಕಿ ನಾನೇನು?”

ಇದನ್ನೆಲ್ಲ ವಿವರಿಸಲು ಬಾಯಿ ತೆರೆದೆ. “ಹೆಹ್ಹೆ, ಹಾಗೇನಿಲ್ಲ ಅತ್ತಿ” ಎಂಬುದಷ್ಟೇ ಬಂತು.

ಅವರು ಮೈಕನ್ನು ಬದಿಗೆ ಸರಿಸಿ ಹಾಡಿದರು. ಇಡೀ ಓಣಿಗೆ ಕೇಳಿಸಿತು. ಆಂಪ್ಲಿಫೈಯರಿನ ಅಗತ್ಯವೇ ಇರಲಿಲ್ಲ ಎಂಬುದು ನನಗೆ ಇನ್ನಷ್ಟು ಚುಚ್ಚಿತು.

ಮರುದಿನ ಗುಜರಿಗೆಂದು ಯಂತ್ರವನ್ನು ಚೀಲಕ್ಕೆ ತುಂಬುತ್ತಿದ್ದಾಗ ಸಾವಿತ್ರಿ ತಡೆದಳು. “ಇರ್ಲಿ ಬಿಡ್ರಿ. ಮೊದಲಿನ ಬಿಸಿ ಸಾಮಾನು ಹಚ್ಚಿ ಕೊಡ್ರಿ, ಸಂಡಿಗಿ ಒಣಗಿಸ್ತೀನಿ.”

ಅಂದಿನಿಂದ ರೇಡಿಯೋದ ವಾರ್ತೆಯೆಲ್ಲ ಆ ರೆಸಿಸ್ಟರಿಗೆ ಹೊಕ್ಕು, ಮಳೆಗಾಲದಲ್ಲಿ ನಮ್ಮ ಸಂಡಿಗೆಯನ್ನು ಗರಿಗರಿಯಾಗಿಡುತ್ತದೆ. ಬಂದವರಿಗೆಲ್ಲ ಅವಳು ಗೂಡಿನ ಕಡೆ ಕೈ ತೋರಿಸಿ, “ಮನ್ಯಾಗ ಇದ್ರ ಹಿಂಗಿರಬೇಕು ನೋಡ್ರಿ. ಕೆಲಸಕ್ಕ ಬರ್ತೈತಿ, ಬಾಯಿ ಬಿಡಂಗಿಲ್ಲ,” ಅನ್ನುತ್ತಾಳೆ. ಹೇಳುವಾಗ ಅವಳ ಕಣ್ಣು ನನ್ನ ಮೇಲಿರುತ್ತದೆ. ಇದು ಯಾರನ್ನು ಕುರಿತ ಮಾತು ಎಂದು ಖಡಕ್ಕಾಗಿ ಕೇಳಿಬಿಡಬೇಕೆಂದಿದ್ದೇನೆ. ಹಂಡೆಯನ್ನಂತೂ ಕೇಳಿಯಾಗಿದೆ.