ಸ್ಕೇಲು ಸಾರ್ ಸೈಕಲ್ ಹತ್ತಿದ್ದು

ಎಲ್ಲ ಶುರುವಾದದ್ದು ಕಾರಿನ ಮುಂದಿನ ಸೀಟಿನಿಂದ. ಸ್ಕೇಲು ಸಾರ್ ಅವರದು ಸಣ್ಣ ಕಾರು. ಅವರ ಜೊತೆ ದಿನಾ ಕಚೇರಿಗೆ ಬರುವವರು ಮೂರು ಜನ. ಜಾಗಕ್ಕೇನೂ ಕೊರತೆ ಇರಲಿಲ್ಲ. ಆದರೆ ಆ ಮೂವರಿಗೂ ಮುಂದಿನ ಸೀಟೇ ಬೇಕು.

ಸ್ಕೇಲು ಸಾರ್ ಸರ್ವೆ ಕಚೇರಿಯ ನಕ್ಷೆಗಾರರು. ಇಪ್ಪತ್ತೆರಡು ವರ್ಷದಿಂದ ಕಂಡವರ ಜಮೀನಿಗೆ ಗೆರೆ ಎಳೆದುಕೊಂಡು ಬಂದವರು. ಕೈಯಲ್ಲಿ ಸ್ಕೇಲಿಲ್ಲದೆ ಅವರನ್ನು ನೋಡಿದವರೇ ಇಲ್ಲ, ಅದಕ್ಕೇ ಆ ಹೆಸರು. ಯಾರ ಗಡಿ ಎಲ್ಲಿಗೆ ಮುಗಿಯಿತು ಎಂದು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹೇಳಬಲ್ಲ ಮನುಷ್ಯನಿಗೆ ತಮ್ಮ ಕಾರಿನ ಗಡಿ ಕಾಯಲು ಮಾತ್ರ ಆಗಲಿಲ್ಲ. "ಆಗೋದಿಲ್ಲ" ಎಂಬ ಮಾತು ಅವರ ಗಂಟಲಿನವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು.

ಕಾರು ಕೊಂಡ ವಾರದಲ್ಲೇ ಪಕ್ಕದ ಮನೆಯ ಸೂಪರಿಂಟೆಂಡೆಂಟ್ ಮೇಡಂ ಹತ್ತಿದರು. ಕಚೇರಿಯಲ್ಲಿ ಮೇಲಧಿಕಾರಿ, ಬೇಡ ಅನ್ನುವುದು ಹೇಗೆ? ಮುಂದಿನ ವಾರ ಕೆಳಮನೆಯ ಸ್ಟೋರ್ ಕೀಪರ್ ಹತ್ತಿದರು. ಆಮೇಲೆ ಮೇಲ್ಮನೆಯ ಟಪಾಲು ಗುಮಾಸ್ತರು ಹತ್ತಿದರು. ಮೇಡಂ ಕಾರಿನಲ್ಲೇ ಫೈಲುಗಳ ವಿಚಾರಣೆ ನಡೆಸುವರು. ಸ್ಟೋರ್ ಕೀಪರ್ ಹಿಂದಿನ ದಿನ ತಮ್ಮ ಹೊಟ್ಟೆಯಲ್ಲಿ ಗ್ಯಾಸು ಯಾವ ಯಾವ ಹೊತ್ತಿಗೆ ಎಲ್ಲೆಲ್ಲಿ ಓಡಾಡಿತು ಎಂದು ವರದಿ ಒಪ್ಪಿಸುವರು. ಟಪಾಲಿನವರು ಪ್ರತಿ ಅಂಗಡಿಯ ಮುಂದೆ "ಒಂದೇ ನಿಮಿಷ, ಇಲ್ಲಿ ಸ್ವಲ್ಪ ನಿಲ್ಸಿ ಸಾರ್" ಎಂದು ಇಳಿದು ಕಾಲು ಗಂಟೆಗೆ ವಾಪಸಾಗುವರು. ಇದರ ನಡುವೆ ಮೂವರೂ ಸೇರಿ ಅವರಿಗೆ ಕಾರು ಓಡಿಸುವುದನ್ನು ಕಲಿಸುವರು. ಆ ಮೂವರಲ್ಲಿ ಒಬ್ಬರಿಗೂ ಓಡಿಸಲು ಬರುತ್ತಿರಲಿಲ್ಲ.

ಕಳೆದ ಶುಕ್ರವಾರ ಮೇಡಮ್ಮೂ ಸ್ಟೋರ್ ಕೀಪರೂ ಮುಂದಿನ ಬಾಗಿಲನ್ನು ಒಟ್ಟಿಗೇ ಹಿಡಿದು ನಿಂತರು. ಇಬ್ಬರೂ ಬಿಡಲಿಲ್ಲ. ಕೊನೆಗೆ ಬಾಗಿಲಿನ ಹಿಡಿಯೇ ಕಿತ್ತು ಬಂತು. ಅವತ್ತು ಸಂಜೆ ಸ್ಕೇಲು ಸಾರ್ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ದೊಡ್ಡ ಸುಳ್ಳು ಹೇಳಿದರು.

"ಡಾಕ್ಟರು ಹೇಳಿದ್ದಾರೆ, ನನ್ನ ಹಾರ್ಟು ಸ್ವಲ್ಪ ವೀಕಂತೆ. ಇನ್ನೊಂದು ವರ್ಷ ಕಾರು ಮುಟ್ಟಬಾರದಂತೆ. ದಿನಾ ಸೈಕಲ್ಲಲ್ಲೇ ಹೋಗ್ಬೇಕಂತೆ."

ಯಾವ ಡಾಕ್ಟರೂ ಅವರನ್ನು ನೋಡಿರಲಿಲ್ಲ. ಅವರ ಹೃದಯ ಗಡಿಯಾರದ ಹಾಗೆ ನಡೆಯುತ್ತಿತ್ತು. ಅವರಿಗೆ ಬೇಕಾಗಿದ್ದುದು ಇಷ್ಟೇ: ದಿನಕ್ಕೊಂದು ಅರ್ಧ ಗಂಟೆ, ಯಾರೂ ಏನೂ ಹೇಳದ ಅರ್ಧ ಗಂಟೆ. ಮನೆ ಬಿಟ್ಟು ಕಚೇರಿ ಮುಟ್ಟುವ ತನಕ ಕಿವಿಗೆ ರಜೆ.

ಸೋಮವಾರ ಬೆಳಿಗ್ಗೆ ಹೊಸ ಸೈಕಲ್ ಹಿಡಿದು ಗೇಟಿಗೆ ಬಂದರೆ, ಮೂವರೂ ಬೀಳ್ಕೊಡಲು ನಿಂತಿದ್ದರು.

"ಸೀಟು ಎತ್ತರ ಆಯ್ತು ಸಾರ್, ಸೊಂಟ ಹಿಡ್ಕೊಳ್ಳುತ್ತೆ," ಎಂದರು ಸ್ಟೋರ್ ಕೀಪರ್.

"ಏನ್ರೀ ಎತ್ತರ? ತಗ್ಗಾಯ್ತು. ಮಂಡಿ ಹೋಗುತ್ತೆ," ಎಂದರು ಮೇಡಂ.

ಸೀಟನ್ನು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಕೊನೆಗೆ ಅದು ಮೊದಲಿದ್ದ ಜಾಗಕ್ಕೇ ಬಂದು ನಿಂತಿತು. ಟಪಾಲಿನವರು ಬೆಲ್ಲು ಬಾರಿಸಿ ನೋಡಿ, "ಶಬ್ದ ಸಾಲ್ದು, ನೀವು ಬಾಯಲ್ಲೂ ಕೂಗಿ ಸಾರ್" ಎಂದು ಸಲಹೆ ಕೊಟ್ಟರು. ಹೆಂಡತಿ ಮಾತ್ರ ಸಲಹೆಯ ಬದಲು ಒಂದು ರಬ್ಬರ್ ಬ್ಯಾಂಡು ತಂದು ಗಂಡನ ಪ್ಯಾಂಟಿನ ಕಾಲಿಗೆ ಹಾಕಿದಳು. ಆಕೆ ಎಡಗಾಲಿಗೆ ಹಾಕಿದಳು. ಚೈನು ಬಲಗಡೆ ಇತ್ತು.

ಮೊದಲ ತಿರುವಿನಲ್ಲೇ ಬಲಗಾಲಿನ ಪ್ಯಾಂಟು ಚೈನಿಗೆ ಸಿಕ್ಕಿತು. ಬಿಡಿಸಿಕೊಳ್ಳುವಷ್ಟರಲ್ಲಿ ಕೈ ಎರಡೂ ಗ್ರೀಸು, ಬೆವರು ಒರೆಸಿಕೊಂಡಾಗ ಮುಖವೂ ಗ್ರೀಸು. ಸೇತುವೆಯ ಏರಿನಲ್ಲಿ ಉಸಿರು ಬಾಯಿಗೆ ಬಂತು. ಅವರು ಇಳಿದು, ರಸ್ತೆಯ ಕಡೆ ನೋಡದೆ ತಲೆ ತಗ್ಗಿಸಿ ಸೈಕಲ್ ತಳ್ಳುತ್ತಿದ್ದಾಗ, ಹಿಂದುಗಡೆ ಎರಡು ಮೂಟೆ ಸೊಪ್ಪು ಕಟ್ಟಿಕೊಂಡ ಹೆಂಗಸೊಬ್ಬಳು ಫೋನಿನಲ್ಲಿ ಯಾರನ್ನೋ ಬೈಯುತ್ತಾ, ಒಂದೇ ಕೈಯಲ್ಲಿ ಸೈಕಲ್ ತುಳಿಯುತ್ತಾ ಅವರನ್ನು ದಾಟಿ ಹೋದಳು. ಬೈಗುಳದ ನಡುವೆಯೇ ಇವರ ಕಡೆ ತಿರುಗಿ "ಗಾಳಿ ಕಮ್ಮಿ ಐತೆ ನೋಡ್ಕಳಿ" ಎಂದೂ ಹೇಳಿದಳು.

ಆದರೆ ಸೇತುವೆ ದಾಟಿದ ಮೇಲೆ ಇಳಿಜಾರು ಬಂತು. ಎರಡೂ ಬದಿಗೆ ಮರ. ತುಳಿಯುವ ಕೆಲಸವೇ ಇಲ್ಲ. ಗಾಳಿ ಶರ್ಟಿನೊಳಗೆ ಹೊಕ್ಕು ಬೆನ್ನಿನ ಬೆವರು ಆರಿಸಿತು. ಫೈಲಿಲ್ಲ, ಗ್ಯಾಸಿಲ್ಲ, ಒಂದೇ ನಿಮಿಷ ಇಲ್ಲ. ಸ್ಕೇಲು ಸಾರ್ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಕಾಲೇಜು ಬಿಟ್ಟ ಮೇಲೆ ಎಂದೂ ಹಾಡದವರು ಗಟ್ಟಿಯಾಗಿ ಹಾಡತೊಡಗಿದರು. ಅಪಸ್ವರ ಎನ್ನಲು ಯಾರೂ ಇರಲಿಲ್ಲ. ಕಾಲು ನೋಯಲಿ, ಸೊಂಟ ಮುರಿಯಲಿ, ಈ ಸುಖವನ್ನು ಪ್ರಾಣ ಹೋದರೂ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದರು.

ಕಚೇರಿ ಮುಟ್ಟಿದಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಬಸ್ಸಿನಲ್ಲಿ ಜಜ್ಜಿಹೋಗಿ ತಮಗಿಂತ ಹಿಂದೆ ಬರುತ್ತಾರೆ ಎಂದುಕೊಂಡಿದ್ದ ಮೂವರೂ ಆಗಲೇ ಬಂದು, ಇಸ್ತ್ರಿ ಕೆಡದ ಬಟ್ಟೆಯಲ್ಲಿ ಕೂತಿದ್ದರು. ಮೇಡಂ ತಾವೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಲೇಟಾಗಿದ್ದಕ್ಕೆ ತಲೆ ಕೆಡಿಸ್ಕೋಬೇಡಿ. ಮೊದಲು ನೀರು ಕುಡೀರಿ."

ಬಸ್ಸು ಬೇಗ ಸಿಕ್ಕಿರಬೇಕು, ಅದಕ್ಕೇ ಮೇಡಂ ಇಷ್ಟು ಸಂತೋಷವಾಗಿದ್ದಾರೆ ಎಂದುಕೊಂಡು ಸ್ಕೇಲು ಸಾರ್ ನೀರು ಕುಡಿದರು.

ಅವತ್ತು ಅಣ್ಣತಮ್ಮಂದಿರಿಬ್ಬರ ಪಾಲಿನ ನಕ್ಷೆ ಮಧ್ಯಾಹ್ನದೊಳಗೆ ಮುಗಿಯಬೇಕಿತ್ತು. ಹಾಳೆ ಹರಡಿ, ಸ್ಕೇಲು ಇಟ್ಟು, ನಡುವಿನ ಗಡಿಗೆರೆ ಎಳೆದರು. ಹ್ಯಾಂಡಲ್ ಹಿಡಿದೂ ಹಿಡಿದೂ ಕೈ ಇನ್ನೂ ಗಡಗಡ ಅನ್ನುತ್ತಿತ್ತು. ಸ್ಕೇಲೂ ನಡುಗಿತು, ಪೆನ್ನೂ ನಡುಗಿತು. ಕಚೇರಿಯ ಸಾಹೇಬರು ಬಂದು ಹಾಳೆಯನ್ನು ಬೆಳಕಿಗೆ ಹಿಡಿದರು.

"ಇದೇನ್ರೀ, ಇಬ್ಬರ ಮಧ್ಯೆ ಹಳ್ಳ ಹರೀತಾ ಇದೆ?"

"ಹಳ್ಳ ಅಲ್ಲ ಸಾರ್, ಬೇಲಿ."

"ಈ ಬೇಲಿ ಹಾಕಿದ್ರೆ ಅಣ್ಣತಮ್ಮಂದಿರು ನಾಳೇನೇ ಕೋರ್ಟಿಗೆ ಹೋಗ್ತಾರೆ. ಬೇರೆ ಬರೀರಿ."

ಮೂರು ಹಾಳೆ ಹಾಳಾದವು. ಇಪ್ಪತ್ತೆರಡು ವರ್ಷದಲ್ಲಿ ಅವರು ಕೆಡಿಸಿದ್ದ ಹಾಳೆ ಒಟ್ಟು ಎರಡು. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಊಟ ಸೇರುತ್ತಿರಲಿಲ್ಲ. ಅವತ್ತು ಮಾತ್ರ ಸಂಜೆಯ ದಾರಿಯನ್ನು ನೆನೆಸಿಕೊಂಡು ಒಳಗೊಳಗೇ ನಗುತ್ತಿದ್ದರು. ಇದನ್ನು ಕಂಡ ಸ್ಟೋರ್ ಕೀಪರ್ ಟಪಾಲಿನವರ ಕಿವಿಯಲ್ಲಿ, "ಪಾಪ, ನೋವು ನುಂಗ್ಕೊಂಡು ಹೇಗೆ ನಗ್ತಾರೆ ನೋಡಿ" ಎಂದರು.

ಸಂಜೆ ಮನೆ ತಲುಪಿದಾಗ ಸ್ಕೇಲು ಸಾರ್ ಅವರ ಕಾಲುಗಳು ಬೇರೆ ಯಾರದೋ ಕಾಲುಗಳ ಹಾಗಿದ್ದವು. ಸೈಕಲ್ ಒರಗಿಸಿ, ಆಧಾರಕ್ಕೆಂದು ಕಾರಿನ ಬಾನೆಟ್ಟಿನ ಮೇಲೆ ಕೈ ಊರಿದರು. ಬಾನೆಟ್ಟು ಬಿಸಿಯಾಗಿತ್ತು.

ಒಳಗೆ ಹೋದರೆ ಮೇಡಂ, ಸ್ಟೋರ್ ಕೀಪರ್, ಟಪಾಲಿನವರು ಸಾಲಾಗಿ ಸೋಫಾದಲ್ಲಿ ಕೂತು ಟೀ ಕುಡಿಯುತ್ತಿದ್ದರು. ಹೆಂಡತಿ ಕಾರಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದಳು. ಆಕೆ ಲೈಸೆನ್ಸ್ ಮಾಡಿಸಿ ನಾಲ್ಕು ವರ್ಷವಾಗಿತ್ತು. ಕಾರು ಕೇಳಿದಾಗಲೆಲ್ಲ ಗಂಡ "ಈಗ ಬೇಡ, ಟ್ರಾಫಿಕ್ ಜಾಸ್ತಿ" ಅನ್ನುತ್ತಿದ್ದರು.

"ರೀ, ಬಂದ್ರಾ? ಕಾರು ಸುಮ್ನೆ ನಿಂತ್ರೆ ಬ್ಯಾಟರಿ ಹಾಳಾಗುತ್ತಂತೆ. ಇವರೆಲ್ಲ ಬಂದು ಕೇಳಿದ್ರು. ನಾನೇ ಬಿಟ್ಟು ಬಂದೆ, ಸಂಜೆ ನಾನೇ ಕರ್ಕೊಂಡು ಬಂದೆ."

"ಏನು ಚೆನ್ನಾಗಿ ಓಡಿಸ್ತಾರೆ ಸಾರ್, ಅಕ್ಕ!" ಎಂದರು ಟಪಾಲಿನವರು. "ನಿಮ್ಮ ಹಾಗೆ ಹೆದರೋದೇ ಇಲ್ಲ."

ಸ್ಕೇಲು ಸಾರ್ ಅವರಿಗೆ ಮೊದಲು ಹೊಟ್ಟೆ ಉರಿಯಿತು. ಮರುಕ್ಷಣವೇ ಸಮಾಧಾನವಾಯಿತು. ಹೋಗಲಿ ಬಿಡು, ಕಾರು ಅವರ ಪಾಲಾದರೂ ಇಳಿಜಾರು ನನ್ನದಲ್ಲವೆ? ಅವರು ದೊಡ್ಡ ಮನಸ್ಸು ಮಾಡಿ, "ಸಂತೋಷ, ದಿನಾ ಹಾಗೇ ಹೋಗಿ" ಎಂದರು.

"ಅದ್ಹೇಗಾಗುತ್ತೆ?" ಎಂದು ಮೇಡಂ ಲೋಟ ಕೆಳಗಿಟ್ಟರು. "ಸೇತುವೆ ಹತ್ರ ನಿಮ್ಮನ್ನ ದಾಟಿ ಹೋದ್ವಿ ಕಣ್ರೀ. ಮುಖ ಕಪ್ಪಿಟ್ಟು ಹೋಗಿತ್ತು. ಹಾರ್ಟ್ ಪೇಷೆಂಟು ಒಬ್ಬರೇ ಒದ್ದಾಡ್ತಾ ಇದ್ರೆ ನಾವು ಆರಾಮಾಗಿ ಮುಂದೆ ಹೋಗೋದಾ? ನನಗೆ ಕರುಳು ಚುರುಕ್ ಅಂತು."

"ಅದು ಗ್ರೀಸು ಮೇಡಂ!"

"ಆಮೇಲೆ ಇಳಿಜಾರಲ್ಲಿ ಒಬ್ಬರೇ ಕೂಗಾಡ್ತಾ ಬರ್ತಿದ್ರಂತೆ," ಎಂದರು ಸ್ಟೋರ್ ಕೀಪರ್. "ನಮ್ಮನ್ನ ಬಿಟ್ಟು ವಾಪಸ್ ಬರುವಾಗ ಅಕ್ಕ ನೋಡಿದಾರೆ."

ಸ್ಕೇಲು ಸಾರ್ ಅವರಿಗೆ ಮುಂದೇನು ಬರುತ್ತದೆಂದು ಹೊಳೆದುಬಿಟ್ಟಿತು. ಎರಡೂ ಕೈ ಜೋಡಿಸಿದರು.

"ಸತ್ಯ ಹೇಳ್ಬಿಡ್ತೀನಿ. ನಾನು ಯಾವ ಡಾಕ್ಟರ ಹತ್ರಾನೂ ಹೋಗಿಲ್ಲ. ನನಗೆ ಏನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದೀನಿ."

ಟಪಾಲಿನವರ ಕಣ್ಣು ತುಂಬಿ ಬಂತು.

"ನೋಡಿದ್ರಾ ಮೇಡಂ? ನಮಗೆ ತೊಂದರೆ ಆಗ್ಬಾರ್ದು ಅಂತ ಎಂಥಾ ಸುಳ್ಳು ಹೇಳ್ತಿದ್ದಾರೆ. ಇಂಥವರು ಎಲ್ಲಿ ಸಿಗ್ತಾರೆ ಹೇಳಿ!"

"ಅದೆಲ್ಲ ನಡೆಯೋಲ್ಲ. ಇದು ನನ್ನ ಆರ್ಡರು ಅಂದ್ಕೊಳ್ಳಿ," ಎಂದರು ಮೇಡಂ. "ನಾಳೆಯಿಂದ ನೀವು ಮುಂದೆ ಸೈಕಲ್ಲಲ್ಲಿ, ನಾವು ನಾಲ್ಕೂ ಜನ ಹಿಂದೆ ಕಾರಲ್ಲಿ. ನಿಮ್ಮ ಸ್ಪೀಡಿಗೇ ಬರ್ತೀವಿ. ತಡವಾದ್ರೆ ಹಾಜರಾತಿ ನಾನು ನೋಡ್ಕೋತೀನಿ. ಕಿಟಕಿ ಇಳಿಸ್ಕೊಂಡು ಮಾತಾಡಿಸ್ತಾ ಇರ್ತೀವಿ, ನಿಮಗೂ ದಾರಿ ಸಾಗಿದ್ದು ಗೊತ್ತಾಗೋಲ್ಲ."

"ಏರು ಬಂದಾಗ ನಾನು ಹಾರ್ನ್ ಹೊಡೀತೀನಿ ರೀ, ಹುರುಪು ಬರುತ್ತೆ," ಎಂದಳು ಹೆಂಡತಿ.

ಸ್ಕೇಲು ಸಾರ್ ಬಾಯಿ ತೆರೆದರು. "ಆಗೋದಿಲ್ಲ" ಎಂಬ ಮಾತು ಎಂದಿನಂತೆ ಗಂಟಲಿನವರೆಗೆ ಬಂದು ಅಲ್ಲೇ ಕೂತಿತು. ಇಷ್ಟು ದಿನ ದಾರಿಯುದ್ದಕ್ಕೂ ಅವರ ಕಿವಿ ತಿನ್ನುತ್ತಿದ್ದವರು ಮೂರು ಜನ. ನಾಳೆಯಿಂದ ನಾಲ್ಕು.